ಮುದ್ದೆಮಾಲು ನಂಬರ್ ಒಂದು

ನಾನು ಗಾಳಿಯಲ್ಲಿದ್ದೆ.

ನನ್ನ ಒಂದು ತುದಿ ಅಂದಾನೆವ್ವನ ಮುಷ್ಟಿಯಲ್ಲಿತ್ತು. ಇನ್ನೊಂದು ತುದಿಗೆ ಹೂರಣದ ಚೂರೊಂದು ಅಂಟಿಕೊಂಡಿತ್ತು. ಕೆಳಗೆ ಒಂದು ದೊಡ್ಡ ಬೋಗುಣಿ, ಬೋಗುಣಿಯಲ್ಲಿ ಬಿಸಿ ಹೂರಣ, ಹೂರಣದಲ್ಲಿ ಒಂದು ಬೆರಳು, ಬೆರಳಿನಲ್ಲಿ ಹಸಿರು ಹರಳಿನ ಉಂಗುರ. ನಾನು ಆ ಬೆರಳಿನ ಕಡೆಗೆ ಹೊರಟಿದ್ದೆ. ಅಷ್ಟರಲ್ಲಿ ಬೆರಳು ಸರಕ್ಕನೆ ಬಾಯಿಯ ಕಡೆ ಹೋಯಿತು. ಅದನ್ನು ನೆಕ್ಕಲು ತಲೆ ಕೆಳಗೆ ಬಂತು. ಬೆರಳಿದ್ದ ಜಾಗದಲ್ಲಿ ಈಗ ಅಗಲವಾದ ಒಂದು ಹಣೆ ಇತ್ತು. ಗಾಳಿಯಲ್ಲಿರುವ ಲಟ್ಟಣಿಗೆಗೆ ದಿಕ್ಕು ಬದಲಿಸುವ ಅಧಿಕಾರವಿಲ್ಲ.

ಟಕ್ ಎಂದಿತು. ಅಷ್ಟೇ.

ಆ ಒಂದು ಟಕ್ಕಿನ ಮೇಲೆ ಹದಿನಾಲ್ಕು ತಿಂಗಳು ಕೇಸು ನಡೆಯಿತು.

ನಾನು ಒಂದು ಲಟ್ಟಣಿಗೆ. ಜಾಲಿ ಮರದ್ದು. ಗದಗದಿಂದ ಆಚೆ, ಕರಿಮಣ್ಣಿನ ಸೀಮೆಯ ಒಂದು ತಾಲೂಕು ಊರಿನಲ್ಲಿ ಮೋನಪ್ಪ ಬಡಿಗೇರನ ಕೈಯಲ್ಲಿ ಹುಟ್ಟಿದೆ. ನನ್ನ ಕೊಂಬೆಯಿಂದಲೇ ಒಂದು ತೊಟ್ಟಿಲ ಕಾಲು, ಎರಡು ಬುಗುರಿಗಳೂ ಹುಟ್ಟಿದವು. ಬುಗುರಿಗಳು ವಾರದೊಳಗೆ ಒಡೆದುಹೋದವು. ತೊಟ್ಟಿಲ ಕಾಲು ಈಗಲೂ ಯಾರದೋ ಮನೆಯಲ್ಲಿ ಅಳು ಕೇಳುತ್ತ ನಿಂತಿರಬೇಕು. ಕೋರ್ಟಿನ ಮೆಟ್ಟಿಲು ಹತ್ತಿದ್ದು ನಮ್ಮ ಮನೆತನದಲ್ಲಿ ನಾನೊಬ್ಬನೇ.

ನನ್ನನ್ನು ಕಡೆಯುವಾಗ ಮೋನಪ್ಪನ ಉಳಿ ಒಮ್ಮೆ ಜಾರಿತು. ನನ್ನ ಬಲತುದಿಯಲ್ಲಿ ಉಗುರು ಕೂರುವಷ್ಟು ಒಂದು ಗೀರು ಬಿತ್ತು. ಮೋನಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿ, ಗುರುತಿಗೆ ಆಯಿತು ಬಿಡು ಎಂದು ತನಗೆ ತಾನೇ ಹೇಳಿಕೊಂಡ. ಆ ಗೀರನ್ನು ನೆನಪಿಟ್ಟುಕೊಳ್ಳಿ.

ಸಂತೆಯಲ್ಲಿ ಅಂದಾನೆವ್ವ ನನ್ನನ್ನು ಆರಿಸಿಕೊಂಡಳು. ಹನ್ನೊಂದು ಲಟ್ಟಣಿಗೆಗಳನ್ನು ಒಂದೊಂದಾಗಿ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದಳು. ನನ್ನನ್ನು ಅಂಗೈ ಮೇಲೆ ಹೊರಳಿಸಿ ಚೀಲಕ್ಕೆ ಹಾಕಿಕೊಂಡಳು. ಆಗ ಅವಳಿಗೆ ಮೂವತ್ತೈದು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟಿದ್ದಳು. ನಾಲ್ಕು ಹೆಂಗಸರು ಅವಳ ಜೊತೆ ದುಡಿಯುತ್ತಿದ್ದರು. ಮಧ್ಯಾಹ್ನ ಅಲ್ಲಿ ಕೂರಲು ಜಾಗ ಸಿಗುವುದು ಕಷ್ಟ.

ಖಾನಾವಳಿಯಲ್ಲಿ ನನ್ನ ಸ್ಥಾನ ದೊಡ್ಡದೇನಲ್ಲ. ಅಲ್ಲಿ ರಾಜ್ಯ ಆಳುವುದು ಜೋಳದ ರೊಟ್ಟಿ, ಮತ್ತು ಜೋಳದ ರೊಟ್ಟಿಗೆ ಲಟ್ಟಣಿಗೆ ಬೇಡ. ಅದನ್ನು ಕೈಯಿಂದ ಬಡಿಯುತ್ತಾರೆ. ಹೊರಗಿನ ಒಲೆಯ ಮುಂದೆ ಕೂತು ಪಾರವ್ವ ಬೆಳಗಿನಿಂದ ಪಟಪಟ ಬಡಿಯುವುದನ್ನು ನಾನು ಮೊಳೆಗೆ ನೇತುಬಿದ್ದು ಕೇಳುತ್ತಿದ್ದೆ. ಸ್ವಲ್ಪ ಹೊಟ್ಟೆಕಿಚ್ಚು ಇತ್ತು, ಮುಚ್ಚಿಡುವುದಿಲ್ಲ. ಚಪಾತಿ ಸಂಜೆಗೆ ಮಾತ್ರ. ಹಾಗೆಂದು ಹೊರಗೆ ಬೋರ್ಡು ಕೂಡ ಇತ್ತು. ನನ್ನ ನಿಜವಾದ ದಿನಗಳೆಂದರೆ ಹೋಳಿಗೆಯ ದಿನಗಳು. ಅಂದು ಅಂದಾನೆವ್ವ ಬೇರೆ ಯಾರ ಕೈಗೂ ನನ್ನನ್ನು ಕೊಡುತ್ತಿರಲಿಲ್ಲ. ಹೂರಣ ತುಂಬಿದ ಉಂಡೆಯನ್ನು ಮಣೆಯ ಮೇಲಿಟ್ಟು ನನ್ನಿಂದ ಮೆಲ್ಲಗೆ ಲಟ್ಟಿಸುವಳು. ಒಂದು ಹೋಳಿಗೆಯೂ ಒಡೆಯುತ್ತಿರಲಿಲ್ಲ.

ಶ್ರಾವಣದ ಸೋಮವಾರಗಳಲ್ಲಿ ಊರ ಬಸವಣ್ಣನ ಗುಡಿಗೆ ಮನೆಮನೆಯಿಂದ ಎಡೆ ಹೋಗುತ್ತದೆ. ಎಡೆ ಹೋಗಿ ಬರುವವರೆಗೆ ಹೋಳಿಗೆಯನ್ನು, ಹೂರಣವನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ಸಿಹಿ ನೋಡುವಂತೆಯೂ ಇಲ್ಲ. ಈ ನಿಯಮ ಊರಿಗೆಲ್ಲ ಗೊತ್ತಿತ್ತು. ಆದರೂ ಗುಡಿಯ ಬಾಗಿಲಲ್ಲಿ ನೀಲಿ ಬಣ್ಣದ ದೊಡ್ಡ ಫಲಕದ ಮೇಲೆ ಅದನ್ನು ಬರೆಸಿದವರು ಕಮಿಟಿಯ ಅಧ್ಯಕ್ಷ ಮುರಿಗೆಪ್ಪ ಸವಡಿ. ಆರಡಿ ಎತ್ತರ, ಬಿಳಿ ಅಂಗಿ, ಹಸಿರು ಹರಳಿನ ಉಂಗುರ. ಹಿಂದಿನ ವರ್ಷ ಎಡೆಗೆ ಮೊದಲೇ ಒಂದು ತುಣುಕು ಬಾಯಿಗೆ ಹಾಕಿಕೊಂಡಿದ್ದ ಮುದುಕರೊಬ್ಬರನ್ನು ಅವರು ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಅರ್ಧ ತಾಸು ಬುದ್ಧಿ ಹೇಳಿದ್ದರು.

ಆ ಮುರಿಗೆಪ್ಪನೇ ಶ್ರಾವಣದ ಕಡೆಯ ಸೋಮವಾರ ನಡುಮಧ್ಯಾಹ್ನ ನಮ್ಮ ಅಡುಗೆ ಮನೆಗೆ ಬಂದರು. ಎಡೆ ತಯಾರಾಯಿತೇ ಎಂದು ಕೇಳಲು ಬಂದದ್ದು. ಕೇಳಿದರು. ಅಂದಾನೆವ್ವ ಇನ್ನೇನು ಆಯಿತು ಎಂದು ತವೆಯ ಕಡೆ ತಿರುಗಿದಳು. ಏಲಕ್ಕಿ, ಜಾಜಿಕಾಯಿ, ಬೆಲ್ಲ, ಕಡಲೆಬೇಳೆ, ಎಲ್ಲವೂ ಒಟ್ಟಿಗೆ ಆವಿಯಾಡುತ್ತಿದ್ದವು. ಅಧ್ಯಕ್ಷರಾದರೂ ಮೂಗು ಮೂಗೇ. ಅವರು ಬಾಗಿಲ ಕಡೆ ನೋಡಿದರು. ತವೆಯ ಕಡೆ ನೋಡಿದರು. ಮುಂದಿನದನ್ನು ನಾನು ಆಗಲೇ ಹೇಳಿದ್ದೇನೆ.

ಹಣೆ ಹಿಡಿದುಕೊಂಡು ಮುರಿಗೆಪ್ಪ ಹೊರಗೆ ಬಂದಾಗ ಅಲ್ಲಿ ಊಟಕ್ಕೆ ಕೂತವರು ಏಳು ಜನ. ಹಣೆಯ ಮೇಲೆ ಒಂದು ಗುಬುಟು ಅವರ ಕಣ್ಣೆದುರೇ ಬೆಳೆಯುತ್ತಿತ್ತು. ಏನೂ ತಿಳಿಯದ ಪಾರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ಬಾಗ್ಲಾ ಸಣ್ಣದೈತ್ರಿ ಅಧ್ಯಕ್ಷರ. ನಮ್ಮ ಅಡಗಿಮನಿಗೆ ಯಾರ ಬಂದ್ರೂ ತಲಿ ಬಗ್ಗಸಬೇಕ್ರಿ."

ಏಳು ಜನರೂ ನಕ್ಕರು. ಅದೇ ಕೆಟ್ಟದ್ದಾಯಿತು. ಪೆಟ್ಟನ್ನು ಮುರಿಗೆಪ್ಪ ನುಂಗಿಕೊಳ್ಳುತ್ತಿದ್ದರು. ನಗುವನ್ನು ನುಂಗಲು ಆಗಲಿಲ್ಲ.

ಒಳಗೆ ಅಂದಾನೆವ್ವ ಯಾರಿಗೂ ಏನೂ ಹೇಳದೆ ಹೊಸದಾಗಿ ಬೇಳೆ ಇಟ್ಟಳು. ಬೆರಳು ಬಿದ್ದ ಹೂರಣವನ್ನು ಹಿತ್ತಲಿನ ಎಮ್ಮೆಗೆ ಸುರಿದಳು. ಅಂದು ಬಸವಣ್ಣನಿಗಿಂತ ಮೊದಲು ಹೂರಣ ತಿಂದವರು ಊರಿಗೆ ಇಬ್ಬರೇ: ಅಧ್ಯಕ್ಷರು ಮತ್ತು ಎಮ್ಮೆ. ಎಮ್ಮೆ ದೂರು ಕೊಡಲಿಲ್ಲ.

ಮುರಿಗೆಪ್ಪ ಮರುದಿನ ಠಾಣೆಗೆ ಹೋದರು. ಅಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಮಂಡ್ಯದ ಕಡೆಯವರು, ಬಂದು ಒಂದು ತಿಂಗಳಾಗಿತ್ತು. ಆ ಹೆಂಗಸು ಏನು ಮಾಡುತ್ತಿದ್ದಾಗ ಹೊಡೆದಳು ಎಂದು ಅವರು ಕೇಳಿದಾಗ ಮುರಿಗೆಪ್ಪನಿಗೆ ಹೋಳಿಗೆ ಎನ್ನಲು ಬಾಯಿ ಬರಲಿಲ್ಲ. ಹೋಳಿಗೆ ಎಂದರೆ ಹೂರಣ ಬರುತ್ತದೆ, ಹೂರಣದ ಹಿಂದೆ ಬೆರಳು ಬರುತ್ತದೆ, ಬೆರಳಿನ ಹಿಂದೆ ನೀಲಿ ಫಲಕ. ರೊಟ್ಟಿ ಮಾಡುತ್ತಿದ್ದಳು ಎಂದುಬಿಟ್ಟರು. ಸಾಹೇಬರು ಬರೆಸಿದರು: ಆರೋಪಿಯು ಜೋಳದ ರೊಟ್ಟಿ ಲಟ್ಟಿಸುತ್ತಿದ್ದವಳು, ಯಾವುದೇ ಕಾರಣವಿಲ್ಲದೆ, ಕೈಯಲ್ಲಿದ್ದ ಲಟ್ಟಣಿಗೆಯಿಂದ ಫಿರ್ಯಾದಿಯ ಹಣೆಗೆ ಹೊಡೆದಳು.

ಮಧ್ಯಾಹ್ನ ನನ್ನನ್ನು ವಶಕ್ಕೆ ತೆಗೆದುಕೊಂಡರು. ಟೇಪು ಹಿಡಿದು ಅಳೆದರು: ಹದಿನಾಲ್ಕು ಇಂಚು. ಇಬ್ಬರು ಪಂಚರು ಸಹಿ ಹಾಕಿದ ಚೀಟಿಯನ್ನು ನನ್ನ ಹೊಟ್ಟೆಗೆ ಅಂಟಿಸಿದರು. ಅಲ್ಲಿಯವರೆಗೆ ನಾನು ಅಡುಗೆಮನೆಯ ಸಾಮಾನು. ಚೀಟಿ ಅಂಟಿದ ಕ್ಷಣ ಆಯುಧವಾದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಹಾಕುತ್ತಿದ್ದ ಹವಾಲ್ದಾರ, ರೊಟ್ಟಿಗೆ ಇದನ್ನು ಯಾಕೆ ಹಿಡಿಯುತ್ತಾಳೆ ಎಂದು ಜೊತೆಯವನನ್ನು ಕೇಳಿದ. ಸಾಹೇಬರು ಬರೆಸಿದ್ದಾರೆ, ನಮಗ್ಯಾಕೆ ಎಂದು ಆತ ಉತ್ತರಿಸಿದ. ಇಬ್ಬರೂ ಚಹಾಕ್ಕೆ ಹೋದರು.

ಮುದ್ದೆಮಾಲಿನ ಕೋಣೆ ನಾನು ಎಣಿಸಿದಷ್ಟು ಕೆಟ್ಟ ಜಾಗವಲ್ಲ. ಕೇಸಿನಲ್ಲಿ ಸಿಕ್ಕಿಬಿದ್ದ ವಸ್ತುಗಳನ್ನೆಲ್ಲ ಅಲ್ಲಿ ಇಡುತ್ತಾರೆ. ಚೈನು ಇಲ್ಲದ ಸೈಕಲ್ಲು, ಹ್ಯಾಂಡಲ್ಲು ಇಲ್ಲದ ಪಂಪು, ಏಳು ವರ್ಷದಿಂದ ತಾರೀಖು ಕಾಯುತ್ತಿದ್ದ ಒಂದು ಕುಡಗೋಲು. ಹೊಸಬರು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ನೀನು ಮಾಡಿದ್ದೀಯಾ? ನಾನು ಪ್ರಾಮಾಣಿಕವಾಗಿ ಹೌದು ಎಂದೆ. ಕುಡಗೋಲು ನಕ್ಕಿತು.

"ಇಲ್ಲಿ ಏನ್ ಆಗೈತಿ ಅಂತ ಯಾರೂ ಕೇಳೂದಿಲ್ಲ ತಮ್ಮಾ. ಏನ್ ತೋರಸ್ತೀರಿ ಅಂತ ಕೇಳ್ತಾರ."

ಅಲ್ಲಿಗೆ ಹೋದ ಎರಡನೆಯ ವಾರ ಇರುವೆಗಳು ಬಂದವು. ಬಟ್ಟೆಯ ನೇಯ್ಗೆಯ ಸಂದಿಯಿಂದ ನುಸುಳಿ, ಸಾಲಾಗಿ, ಶಿಸ್ತಾಗಿ ನನ್ನ ಬಲತುದಿಗೆ ನಡೆದವು. ಮೋನಪ್ಪನ ಉಳಿ ಜಾರಿದ ಗೀರಿನಲ್ಲಿ ಅಂದಿನ ಹೂರಣ ಒಣಗಿ ಕೂತಿತ್ತು. ಮೂರು ದಿನ ತಿಂದವು. ಗೀರನ್ನು ತೊಳೆದಿಟ್ಟಂತೆ ಮಾಡಿ ಹೋದವು. ಕಚಗುಳಿಯಾಯಿತು, ನಕ್ಕೆ. ಅವು ತಿಂದದ್ದು ಅಂದಾನೆವ್ವ ಅಂದು ರೊಟ್ಟಿ ಮಾಡುತ್ತಿರಲಿಲ್ಲ ಎಂಬುದಕ್ಕೆ ಇದ್ದ ಒಂದೇ ಒಂದು ಪುರಾವೆಯನ್ನು ಎಂದು ನನಗಾಗ ಹೊಳೆಯಲಿಲ್ಲ.

ಅಂದಾನೆವ್ವನ ವಕೀಲರು ದಾವಲಸಾಬ ಬೇಪಾರಿ. ಹದಿನೈದು ವರ್ಷದಿಂದ ನಮ್ಮ ಖಾನಾವಳಿಯಲ್ಲಿ ಉಂಡವರು. ಕೋರ್ಟಿನ ಹಾಲಿನಲ್ಲಿ ಮೇಜಿನ ಮೇಲೆ ಮಲಗಿ ಅವರ ಮಾತು ಕೇಳಿಯೇ ಸಂಗತಿ ಎಷ್ಟು ದೊಡ್ಡದು ಎಂದು ನನಗೆ ತಿಳಿದದ್ದು. ಶಿಕ್ಷೆಯಾದರೆ ಖಾನಾವಳಿಯ ಲೈಸೆನ್ಸು ಮುಂದುವರಿಯುವುದಿಲ್ಲ. ಅಂದಾನೆವ್ವನೂ ಪಾರವ್ವನೂ ಉಳಿದ ಮೂವರೂ ಒಲೆ ಆರಿಸಿ ಮನೆಗೆ ಹೋಗಬೇಕು.

ನ್ಯಾಯಾಧೀಶರು ಕರಾವಳಿ ಕಡೆಯ ಎಳೆಯ ವಯಸ್ಸಿನ ಹೆಣ್ಣುಮಗಳು. ಮೊದಲ ದಿನವೇ ರಾಜಿ ಆಗಬಹುದೇ ಎಂದು ಕೇಳಿದರು. ಗುಡಿಯ ಮುಂದೆ ನಿಂತು ಊರ ಎದುರು ಮಾಫಿ ಕೇಳಿದರೆ ಸಾಕು ಎಂದರು ಮುರಿಗೆಪ್ಪ. ಅಂದಾನೆವ್ವ ಯೋಚಿಸಲು ಸಮಯವನ್ನೇ ತೆಗೆದುಕೊಳ್ಳಲಿಲ್ಲ.

"ಕೇಳ್ತೇನ್ರಿ ಮೇಡಂ. ಯಾವುದಕ್ಕ ಅಂತ ಅವ್ರ ಮೊದಲ ಊರ ಮುಂದ ಹೇಳ್ಲಿ."

ಮುರಿಗೆಪ್ಪ ಕೆಮ್ಮಿದರು. ರಾಜಿ ಅಲ್ಲಿಗೇ ಮುಗಿಯಿತು.

ಮುರಿಗೆಪ್ಪ ಕಟಕಟೆಗೆ ಬಂದು ತಮ್ಮ ದೂರಿನಲ್ಲಿದ್ದುದನ್ನು ಅಕ್ಷರ ಬಿಡದೆ ಹೇಳಿದರು. ಅವರ ಪಾಟೀಸವಾಲಿಗೆ ಬೇಪಾರಿ ವಕೀಲರು ಮುಂದಿನ ತಾರೀಖು ಬೇಡಿದರು. ನಡುವೆ ಊಟಕ್ಕೆ ಕೂತಿದ್ದವರಲ್ಲಿ ಮೂವರು ಸಾಕ್ಷಿಗೆ ಬಂದರು. ಒಬ್ಬರು ತಾವು ಪೂರ್ತಿ ಬದನೆಕಾಯಿ ಪಲ್ಯದಲ್ಲಿ ಇದ್ದುದಾಗಿ ಹೇಳಿದರು. ಇನ್ನೊಬ್ಬರು ಶೇಂಗಾ ಚಟ್ನಿಗಾಗಿ ಆ ಕಡೆ ತಿರುಗಿದ್ದರು. ಮೂರನೆಯವರು ಶಬ್ದವೇನೋ ಕೇಳಿತು, ಪಾರವ್ವನ ರೊಟ್ಟಿ ಎಂದುಕೊಂಡೆ ಎಂದರು. ಸರ್ಕಾರಿ ವಕೀಲರು ಮೂವರನ್ನೂ ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿದರು. ನನಗೆ ಬೇಸರವಾಯಿತು, ಏಕೆಂದರೆ ಮೂವರೂ ನಿಜವನ್ನೇ ಹೇಳಿದ್ದರು. ಹೊರಗೆ ಕೂತವರಿಗೆ ಒಳಗಿನದು ಹೇಗೆ ಕಾಣಬೇಕು? ಡಾಕ್ಟರು ಬಂದು ಗುಬುಟು ಇದ್ದದ್ದು ನಿಜ ಎಂದರು. ಆರಡಿಯ ಮನುಷ್ಯ ಐದೂವರೆ ಅಡಿಯ ಬಾಗಿಲಿಗೆ ಹಾಯ್ದರೂ ಅಂಥದೇ ಗುಬುಟು ಏಳಬಹುದೇ ಎಂದು ಬೇಪಾರಿ ವಕೀಲರು ಕೇಳಿದಾಗ, ಏಳಬಹುದು ಎಂದರು.

ಪಾಟೀಸವಾಲಿನ ದಿನ ಕೋರ್ಟು ಜನರಿಂದ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಗುಡಿ ಕಮಿಟಿಯ ಮೂವರು ಸದಸ್ಯರು. ಅವರ ಪಕ್ಕ ಮುರಿಗೆಪ್ಪನ ತಾಯಿ ಬಸಲಿಂಗವ್ವ, ಮಗನಿಗೆ ನ್ಯಾಯ ಸಿಗುವುದನ್ನು ನೋಡಲು ಬಂದವರು. ಬೇಪಾರಿ ವಕೀಲರು ನನಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನನ್ನು ಮೇಜಿನ ಮೇಲೆ ಇಟ್ಟರು. ಮೊದಲ ಪ್ರಶ್ನೆ ಕೇಳಿದರು.

"ಮುರಿಗೆಪ್ಪಾರ, ಹೂರಣ ಅಂದ್ರ ನಿಮಗ ಹೆಂಗ?"

ಇದಕ್ಕೂ ಕೇಸಿಗೂ ಸಂಬಂಧವಿಲ್ಲ ಎಂದು ಸರ್ಕಾರಿ ವಕೀಲರು ಎದ್ದರು. ಬೇಗ ಮುಗಿಸಿ ಎಂದರು ನ್ಯಾಯಾಧೀಶರು. ಮುರಿಗೆಪ್ಪನ ಕಿವಿ ಕೆಂಪಾಯಿತು. ಆ ಪ್ರಶ್ನೆಯಿಂದ ಬೋಗುಣಿಗೆ ಒಂದೇ ಹೆಜ್ಜೆ ಎಂದು ಅವರಿಗೆ ಗೊತ್ತಿತ್ತು. ಬಾಗಿಲನ್ನು ಗಟ್ಟಿಯಾಗಿ ಹಾಕಿಬಿಡಬೇಕು ಎನಿಸಿರಬೇಕು.

"ನನಗ ಹೂರಣ ಸೇರೂದಿಲ್ರಿ."

"ಯಾವಾಗಿನಿಂದ?"

"ಮೊದಲಿಂದ್ಲೂ."

ಹಿಂದಿನ ಬೆಂಚಿನಲ್ಲಿ ಬಸಲಿಂಗವ್ವ ತಲೆ ಎತ್ತಿದರು. ಯುಗಾದಿಗೆ ಕೂತಲ್ಲೇ ಎಂಟು ಹೋಳಿಗೆ ತಿನ್ನುವ ಮಗನನ್ನು ಹೆತ್ತ ತಾಯಿ ಅವರು. ಬಾಯಿಯವರೆಗೆ ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಉತ್ತರ ಆಗಲೇ ದಾಖಲೆಗೆ ಹೋಗಿತ್ತು.

"ಭಾಳ ಛಲೋ. ಹಂಗಾದ್ರ ಅವತ್ತ ಆಕಿ ಒಳಗ ಏನ್ ಮಾಡಾಕತ್ತಿದ್ಲು?"

"ರೊಟ್ಟಿ."

"ಯಾತರದು?"

"ಜೋಳದ್ದು."

"ನಿಮ್ಮ ಮನ್ಯಾಗ ಜೋಳದ ರೊಟ್ಟಿ ಹೆಂಗ ಮಾಡ್ತಾರ?"

ಬೆಂಚಿನಲ್ಲಿ ಆಗಲೇ ಯಾರೋ ಮೂಗಿನಲ್ಲಿ ನಗುತ್ತಿದ್ದರು.

"ಬಡೀತಾರ್ರಿ."

"ಯಾತರ್ಲೆ?"

"ಕೈಲೆ."

ಬೇಪಾರಿ ವಕೀಲರು ನನ್ನನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. ಹಾಗಾದರೆ ಇದು ಅಲ್ಲಿ ಏನು ಮಾಡುತ್ತಿತ್ತು ಎಂದು ಕೇಳಿದರು. ಬೆಂಚುಗಳಿಂದ ನಗು ಬಂತು.

ಜನ ಏಕೆ ನಗುತ್ತಿದ್ದಾರೆಂದು ನ್ಯಾಯಾಧೀಶರಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತರ ಕಡೆ ಬಾಗಿದರು. ಗುಮಾಸ್ತರು ಪೆನ್ನು ಕೆಳಗಿಟ್ಟು, ಗಾಳಿಯಲ್ಲಿ ಒಂದು ರೊಟ್ಟಿ ಬಡಿದು ತೋರಿಸಿದರು. ತಿರುಗಿಸಿ ತಿರುಗಿಸಿ, ಅಂಚು ಸಮೇತ. ಲಟ್ಟಣಿಗೆ ಒಂದಿಷ್ಟೂ ಬೇಡವೇ ಎಂದು ಅವರು ಕೇಳಿದಾಗ ಗುಮಾಸ್ತರಿಗೆ ನೋವೇ ಆಯಿತು.

"ಲಟ್ಟಿಸಿದ್ರ ಹರೀತೈತ್ರಿ ಮೇಡಂ."

ಸರ್ಕಾರಿ ವಕೀಲರು ದಡ್ಡರಲ್ಲ. ಮತ್ತೆ ಎದ್ದು ನಿಂತು, ಅದು ಶ್ರಾವಣ ಸೋಮವಾರ ಅಲ್ಲವೇ, ಬೇರೆ ಏನಾದರೂ ಅಡುಗೆ ನಡೆದಿತ್ತೇ, ಚೆನ್ನಾಗಿ ನೆನಪು ಮಾಡಿಕೊಳ್ಳಿ ಎಂದರು. ಬಾಗಿಲು ಇನ್ನೊಮ್ಮೆ ತೆರೆದಿತ್ತು. ಹೋಳಿಗೆ ಎಂಬ ಮೂರಕ್ಷರ ಸಾಕಿತ್ತು. ಮುರಿಗೆಪ್ಪ ನನ್ನನ್ನು ನೋಡಿದರು. ಕಮಿಟಿಯವರನ್ನು ನೋಡಿದರು. ತಾಯಿಯನ್ನು ನೋಡಿದರು. ಕೈಯನ್ನು, ಉಂಗುರದ ಬೆರಳು ಒಳಗೆ ಹೋಗುವಂತೆ, ಮಡಚಿಕೊಂಡರು. ರೊಟ್ಟಿಯೇ ಎಂದರು.

ನ್ಯಾಯಾಧೀಶರು ನನ್ನನ್ನು ತರಿಸಿಕೊಂಡು ಎರಡೂ ತುದಿ ನೋಡಿದರು. ಅವರ ಉಗುರು ನನ್ನ ಗೀರಿನೊಳಗೆ ಒಮ್ಮೆ ಓಡಾಡಿತು. ಅಲ್ಲಿ ಏನೂ ಇರಲಿಲ್ಲ. ಇರುವೆಗಳು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದವು.

ಕೊನೆಗೆ ಅಂದಾನೆವ್ವನ ಸರದಿ. ಎಲ್ಲದಕ್ಕೂ ಸುಳ್ಳು ಎಂದರೆ ಮುಗಿಯಿತು ಎಂದು ವಕೀಲರು ಹೇಳಿಕೊಟ್ಟಿದ್ದರು. ನಿಮ್ಮ ಮೇಲೆ ಹೀಗೆ ಸಾಕ್ಷಿ ಬಂದಿದೆ, ಏನು ಹೇಳುತ್ತೀರಿ ಎಂದು ನ್ಯಾಯಾಧೀಶರು ಕೇಳಿದರು. ಅವಳು ಸೆರಗು ಸರಿಮಾಡಿಕೊಂಡಳು.

"ಖರೆ ಅಂತನೂ ಹೇಳೂದಿಲ್ರಿ, ಸುಳ್ಳ ಅಂತನೂ ಹೇಳೂದಿಲ್ಲ. ಅವ್ರು ಏನ್ ಹೇಳ್ಯಾರೋ ಅದನ್ನ ಅವ್ರ ತೋರಸ್ಲಿ."

ಬೇಪಾರಿ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಮಾತ್ರ, ನನಗೆ ಕಂಡ ಮಟ್ಟಿಗೆ, ಸಣ್ಣಗೆ ನಕ್ಕರು.

ತೀರ್ಪಿನಲ್ಲಿ ಒಂದು ಸಾಲು ಇತ್ತು, ಅದು ನನಗೆ ಬಾಯಿಪಾಠ: "ಘಟನೆಯೇ ನಡೆದಿಲ್ಲವೆಂದು ಈ ನ್ಯಾಯಾಲಯ ಹೇಳುತ್ತಿಲ್ಲ, ಹೇಳಿದ ರೀತಿಯಲ್ಲಿ ನಡೆಯಿತೆಂಬುದು ಸಾಬೀತಾಗಿಲ್ಲ." ಸಂಶಯದ ಲಾಭ ಅಂದಾನೆವ್ವನಿಗೆ ಸಿಕ್ಕಿತು. ಪಾರವ್ವ ಕೋರ್ಟಿನ ಹೊರಗೆ ಅತ್ತಳು, ನಕ್ಕಳು, ಮಧ್ಯಾಹ್ನದ ಹಿಟ್ಟು ನಾದಬೇಕೆಂದು ಓಡಿದಳು. ಲೈಸೆನ್ಸು ಮುಂದುವರಿಯಿತು.

ಸಾಬೀತು ಎಂಬುದರ ಬಗ್ಗೆ ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಮೊಳೆಗೆ ನೇತುಬಿದ್ದವರಿಗೆ ಸಮಯ ಇರುತ್ತದೆ. ನಡೆದದ್ದು ಒಂದು ಮನೆಯಲ್ಲಿರುತ್ತದೆ, ತೋರಿಸಬಹುದಾದದ್ದು ಎದುರು ಮನೆಯಲ್ಲಿ. ನಡುವಿನ ಬೀದಿ ದಾಟಲು ಮುರಿಗೆಪ್ಪನಿಗೆ ಒಂದೇ ದಾರಿ ಇತ್ತು, ಅದರಲ್ಲಿ ಅವರ ಬೆರಳೇ ಅಡ್ಡ ನಿಂತಿತ್ತು. ನನ್ನನ್ನು ಕೇಳಿದ್ದರೆ ನಾನಾದರೂ ಏನು ಹೇಳುತ್ತಿದ್ದೆ? ಹೊರಟದ್ದು ಬೆರಳಿಗೆ, ತಗುಲಿದ್ದು ಹಣೆಗೆ. ಕೊನೆಯ ಗಳಿಗೆಯಲ್ಲಿ ಅಂದಾನೆವ್ವ ಮುಷ್ಟಿ ಸಡಿಲಿಸಬಹುದಿತ್ತು, ಸಡಿಲಿಸಲಿಲ್ಲ. ಆಗಲಿಲ್ಲವೋ, ಬೇಡವೆನಿಸಿತೋ? ಅವಳ ಮುಷ್ಟಿ ನನಗೆ ಗೊತ್ತು. ಮನಸ್ಸು ಗೊತ್ತಿಲ್ಲ. ಅಲ್ಲೇ ಇದ್ದ ನನಗೇ ಸಂಶಯವಿದ್ದರೆ ಅದರ ಲಾಭ ಅವಳಿಗೆ ಸಲ್ಲಬೇಕಾದದ್ದೇ.

ಸಹಿ ಹಾಕಿ ಅವಳು ನನ್ನನ್ನು ಮನೆಗೆ ತಂದಳು. ಹುಣಸೆಹಣ್ಣು ಹಾಕಿ ತಿಕ್ಕಿದಳು. ಅರಗಿನ ಕೆಂಪು ಇನ್ನೂ ಸ್ವಲ್ಪ ನನ್ನ ಹೊಟ್ಟೆಯ ಮೇಲೆ ಉಳಿದಿದೆ. ಈಗ ಒಂಬತ್ತು ವರ್ಷವಾಯಿತು. ನನ್ನ ನಡುವೆ ಸಣ್ಣ ಬಿರುಕು ಬಿಟ್ಟಿದೆ. ಸಂಜೆಯ ಚಪಾತಿಗೆ ಹೊಸ ಲಟ್ಟಣಿಗೆ ಬಂದಿದೆ, ಸಾಧು ಪ್ರಾಣಿ. ನಾನು ಮೊಳೆಯಿಂದ ಇಳಿಯುವುದು ಶ್ರಾವಣದ ಸೋಮವಾರಗಳಲ್ಲಿ ಮಾತ್ರ.

ಮುರಿಗೆಪ್ಪ ಇನ್ನೂ ಅಧ್ಯಕ್ಷರೇ. ಆದರೆ ಆ ಪಾಟೀಸವಾಲಿನ ನಂತರ ಅವರು ಹೂರಣ ಮುಟ್ಟುವಂತಿಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಬುಟ್ಟಿ ಬಂದರೆ ಅಕ್ಕಪಕ್ಕದವರೇ ಕೈ ಅಡ್ಡ ಹಿಡಿಯುತ್ತಾರೆ. ಅಧ್ಯಕ್ಷರಿಗೆ ಸೇರುವುದಿಲ್ಲ, ಕೋರ್ಟಿನಲ್ಲಿ ಬರೆದಿದೆ ಎನ್ನುತ್ತಾರೆ. ಅವರಿಗೆ ಚಪಾತಿ, ಸಕ್ಕರೆ. ಮನೆಯಲ್ಲಿ ಬಸಲಿಂಗವ್ವ ಕೂಡ, ಕೋರ್ಟಿನಲ್ಲಿ ಆಡಿದ ಮಾತು ಮಗನದ್ದು, ಉಳಿಸಿಕೊಳ್ಳಲಿ ಎಂದು ಹೋಳಿಗೆ ಬಡಿಸುವುದನ್ನು ಬಿಟ್ಟರು. ಆ ಇಡೀ ಕೇಸಿನಲ್ಲಿ ನನ್ನ ಪೆಟ್ಟು ಸಾಬೀತಾಗಲಿಲ್ಲ. ಊರಿನ ಪಾಲಿಗೆ ಸಾಬೀತಾದದ್ದು ಒಂದೇ ಸಂಗತಿ, ಮುರಿಗೆಪ್ಪನಿಗೆ ಹೂರಣ ಸೇರುವುದಿಲ್ಲ ಎಂಬುದು. ಅದು ಶುದ್ಧ ಸುಳ್ಳು.

ಈ ಸಲದ ಕಡೆಯ ಸೋಮವಾರ ಎಡೆ ಹೋಗಿ ಬಂದಿತ್ತು. ನನ್ನ ಮೈಯಲ್ಲಿ ಇನ್ನೂ ಹಿಟ್ಟಿತ್ತು. ಹೊರಗೆ ಊಟಕ್ಕೆ ಕೂತವರಲ್ಲಿ ಬೇಪಾರಿ ವಕೀಲರು ಇದ್ದರು, ಅಂದಿನ ಬದನೆಕಾಯಿಯ ಸಾಕ್ಷಿಯೂ ಇದ್ದರು. ಆ ಕೇಸಿನ ನಂತರ ಮೊದಲ ಬಾರಿಗೆ ಮುರಿಗೆಪ್ಪ ಬಂದು ಮೂಲೆಯಲ್ಲಿ ಕೂತರು. ಕೂದಲು ನೆರೆತಿತ್ತು. ಉಂಗುರ ಅದೇ. ರೊಟ್ಟಿ ಕೇಳಿದರು.

ಅಂದಾನೆವ್ವ ನನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಹೊರಗೆ ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಎರಡು ಬಿಸಿ ಹೋಳಿಗೆ, ಮೇಲೆ ತುಪ್ಪ ಹರಿಯುತ್ತಿತ್ತು. ತಾಟನ್ನು ಅವರ ಮುಂದೆ ಇಟ್ಟು, ಅವರಿಗಷ್ಟೇ ಕೇಳುವಂತೆ ಹೇಳಿದಳು:

"ಎಡಿ ಆಗೈತ್ರಿ ಅಧ್ಯಕ್ಷರ. ಈಗ ಮುಟ್ಟಿದ್ರ ತಪ್ಪಿಲ್ಲ. ನೀವು ಅವತ್ತ ಕೇಳಿದ ಮಾಫಿ ಇದರಾಗ ಐತಿ ಅನ್ಕೊಂಡು ಒಂದ್ ತುತ್ತು ತಗೋರಿ."

ಮುರಿಗೆಪ್ಪನ ಮೂಗು ಅರಳಿತು. ಹಸಿರು ಹರಳಿನ ಬೆರಳು ತಾಟಿನ ಕಡೆಗೆ ಅರ್ಧ ಇಂಚು ಸರಿಯಿತು. ನಾನು ಬಲ್ಲೆ, ಆ ಬೆರಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆಗ ಅವರು ತಲೆ ಎತ್ತಿದರು. ಊಟಕ್ಕೆ ಕೂತವರೆಲ್ಲ ತುತ್ತು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಈ ಸಲ ಒಬ್ಬರೂ ಬದನೆಕಾಯಿ ಪಲ್ಯದಲ್ಲಿ ಇರಲಿಲ್ಲ. ಬೇಪಾರಿ ವಕೀಲರು ಬೆರಳು ನೆಕ್ಕುವುದನ್ನು ಅರ್ಧಕ್ಕೆ ಬಿಟ್ಟಿದ್ದರು.

ಬೆರಳು ಹಿಂದಕ್ಕೆ ಹೋಗಿ ಮುಷ್ಟಿಯೊಳಗೆ ಸೇರಿಕೊಂಡಿತು. ಮುರಿಗೆಪ್ಪ ತಾಟನ್ನು ಎರಡೂ ಕೈಯಿಂದ ಆಚೆ ತಳ್ಳಿದರು.

"ಒಲ್ಲೆ," ಎಂದರು. "ನನಗ ಹೂರಣ ಸೇರೂದಿಲ್ಲ."